ಸಹಾಯ ಬೇಕು: ಮನಾಲಿಯ ಕಟ್ಟಿಗೆ ಮನೆಗೆ ಸಿಂಧನೂರಿನ ಅವ್ವ ಹೊರಟಿದ್ದಾಳೆ

ಎಲ್ಲರಿಗೂ ನಮಸ್ಕಾರ. ನಮ್ಮದು ರಾಯಚೂರು ಜಿಲ್ಲೆ ಸಿಂಧನೂರು. ತಮ್ಮನಿಗೆ ಮನಾಲಿ ಹತ್ತಿರ ಕೆಲಸ. ಡಿಸೆಂಬರ್‌ನಲ್ಲಿ ಅವ್ವನನ್ನು ಎರಡು ತಿಂಗಳು ಕರೆಸಿಕೊಳ್ಳುತ್ತಾನಂತೆ. ಮೇ ತಿಂಗಳ 42 ಡಿಗ್ರಿ ಬಿಸಿಲಿಗೆ ಜಗ್ಗದ ಅವ್ವ, ಸಂಕ್ರಾಂತಿ ಚಳಿಗೆ ಎರಡು ಕೌದಿ ಹೊದೆಯುತ್ತಾಳೆ. ಅಲ್ಲಿ ರಾತ್ರಿ ಸೊನ್ನೆಗಿಂತ ಕೆಳಗೆ!

ಮನೆ ಹಳೇದು. ಒಂದು ಸಾಲು ಕಲ್ಲು, ಒಂದು ಸಾಲು ದೇವದಾರು ತೊಲೆ ಇಟ್ಟು ಕಟ್ಟಿದ್ದು. ಕಾಠ್‌ಕುಣಿ ಅಂತಾರೆ. ಮೊದಲು ಕೆಳಗೆ ದನ ಕಟ್ಟುತ್ತಿದ್ದರು, ಅವುಗಳ ಮೈಬಿಸಿ ಮೇಲಿನ ಕೋಣೆಗೆ ಏರುತ್ತಿತ್ತು. ಈಗ ಕೆಳಗೆ ಖಾಲಿ. ನೆಲದ ಹಲಗೆ ಸಂದಿಯಿಂದ ಸುಯ್ ಅಂತ ಗಾಳಿ ಬರುತ್ತದೆ.

ತಮ್ಮ ಹೊಗೆ ಕೊಳವೆ ಇರುವ ಕಬ್ಬಿಣದ ಒಲೆ ಇಟ್ಟಿದ್ದಾನೆ. ಅಲ್ಲಿನವರು ಅದಕ್ಕೇ ತಂದೂರ್ ಅಂತಾರೆ (ನಾನು ರೊಟ್ಟಿ ಸುಡೋದು ಅಂದುಕೊಂಡಿದ್ದೆ). ಅದು ಆರಿದ ಮೇಲೆ ಕಷ್ಟ. ಅವ್ವ ಮಂಚದ ಕೆಳಗೆ ಒಂದು ಬುಟ್ಟಿ ಕೆಂಡ ಇಟ್ಟರಾಯ್ತು ಅಂತಾಳೆ. ಅದಂತೂ ಬೇಡವೇ ಬೇಡ. ಮುಚ್ಚಿದ ಕೋಣೆಯಲ್ಲಿ ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯೇ ಇಲ್ಲ, ಮಲಗಿದವರು ಏಳದೇ ಹೋಗಬಹುದು.

ಸೇನೆಯಲ್ಲಿದ್ದು ಬಂದ ಅಣ್ಣಂದಿರು ಇಲ್ಲಿ ಜಾಸ್ತಿ ಇದ್ದೀರಿ ಅಲ್ವಾ, ಹೇಳಿ. ಹಲಗೆ ಸಂದಿಗೆ ಏನು ತುರುಕಬೇಕು? ಬಾಡಿಗೆ ಮನೆ, ಮೊಳೆ ಹೊಡೆಯುವಂತಿಲ್ಲ. ಕಿಟಕಿಗೆ ದಪ್ಪ ಪ್ಲಾಸ್ಟಿಕ್ ಅಂಟಿಸಿದರೆ ಸಾಕಾ? ನೆಲಕ್ಕೆ ಹಾಸಲು ಕುರಿ ಉಣ್ಣೆಯ ಕಂಬಳಿ ಇಲ್ಲಿಂದಲೇ ಒಯ್ಯಬೇಕು ಅಂತಿದ್ದೇನೆ. ಮಗ್ಗದ್ದೇ, ದಪ್ಪನೆಯದು, ನಮ್ಮ ಸುತ್ತಮುತ್ತ ಯಾವ ಊರಲ್ಲಿ ಸಿಗುತ್ತದೆ?

ಸುಮ್ನೆ "ಕಳಿಸಬೇಡಿ" ಅನ್ನಬೇಡಿ. ಟಿಕೆಟ್ ಆಗಿದೆ.