ಪುಟ್ಟಿಯ ಬ್ಲೆಂಡರ್ ಪ್ರಶ್ನೆಗೆ ದೊಡ್ಡಮ್ಮನ ಉತ್ತರ

ಪುಟ್ಟಿ, ನೀನು ನಿನ್ನೆ ರಾತ್ರಿ ಗುಂಪಿನಲ್ಲಿ ಕೇಳಿದ್ದನ್ನು ಬೆಳಿಗ್ಗೆ ನೋಡಿದೆ. ಹಲ್ಲು ತೆಗೆಸಿದ ಮೇಲೆ ನಿಮ್ಮ ಮಾವನವರಿಗೆ ಅಗಿಯುವುದು ಕಷ್ಟವಾಗಿದೆ, ದಿನವೂ ಹಣ್ಣು ತರಕಾರಿಯ ಸ್ಮೂದಿ ಮಾಡಿಕೊಡಬೇಕಾಗಿದೆ, ಅದಕ್ಕೆ ಎರಡೂವರೆ ಸಾವಿರದ ಚಿಕ್ಕ ಬ್ಲೆಂಡರ್ ಸಾಕೋ ಅಥವಾ ನಿನ್ನ ಮೈದುನ ಅಮೆರಿಕದಿಂದ ಬರುವಾಗ ವಿಟಾಮಿಕ್ಸ್ ಎಂಬ ದುಬಾರಿ ಬ್ಲೆಂಡರ್ ತರಿಸಿಕೊಳ್ಳುವುದೋ ಎಂಬುದು ನಿನ್ನ ಪ್ರಶ್ನೆ. ಒಮ್ಮೆ ಕೊಂಡರೆ ಜೀವಮಾನವಿಡೀ ಬಾಳುವುದನ್ನೇ ಕೊಳ್ಳಬೇಕು ಎಂದು ಅಣ್ಣ ಬರೆದಿದ್ದಾನೆ. ಅವನ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೂ ನಿನ್ನ ಮನೆಗೆ ಅದು ಹೊಂದುವುದಿಲ್ಲ ಎಂದು ನನಗೆ ಅನ್ನಿಸುತ್ತದೆ. ಏಕೆಂದು ವಿವರವಾಗಿ ಹೇಳಬೇಕಾದ್ದರಿಂದ ಧ್ವನಿಯಲ್ಲಿಯೇ ಕಳಿಸುತ್ತಿದ್ದೇನೆ.

ಮೊದಲು ಅಮೆರಿಕದಿಂದ ತರಿಸುವ ವಿಚಾರ. ಅಲ್ಲಿನ ಮನೆಗಳಿಗೆ ಬರುವ ವಿದ್ಯುತ್ತು 120 ವೋಲ್ಟ್, ನಮ್ಮಲ್ಲಿ 230 ವೋಲ್ಟ್. ಪ್ಲಗ್ಗಿನ ಪಿನ್ನು ಬದಲಾಯಿಸುವ ಚಿಕ್ಕ ಅಡಾಪ್ಟರ್ ವೋಲ್ಟೇಜನ್ನು ಇಳಿಸುವುದಿಲ್ಲ; ಅದನ್ನು ನಂಬಿ ನೇರವಾಗಿ ಹಾಕಿದರೆ ಮೋಟಾರು ಸುಟ್ಟುಹೋಗುತ್ತದೆ. ಸುಮಾರು 1,400 ವ್ಯಾಟಿನ ಆ ಯಂತ್ರಕ್ಕೆ 2,000 ವ್ಯಾಟಿಗೂ ಮೇಲ್ಪಟ್ಟ ಟ್ರಾನ್ಸ್‌ಫಾರ್ಮರ್ ಬೇಕು, ಅದು ಯಂತ್ರಕ್ಕಿಂತಲೂ ಭಾರವಾಗಿ ಅಡುಗೆಮನೆಯ ಕಟ್ಟೆಯ ಮೇಲೆ ಕೂತುಬಿಡುತ್ತದೆ. ಅಲ್ಲಿ ಕೊಂಡದ್ದಕ್ಕೆ ಇಲ್ಲಿ ವಾರಂಟಿ ಸಿಗುತ್ತದೆಯೋ ಇಲ್ಲವೋ ಎಂದು ಮೈದುನನು ಕೊಳ್ಳುವ ಮೊದಲೇ ಬರಹದಲ್ಲಿ ಕೇಳಿಕೊಳ್ಳಬೇಕು. ಇಲ್ಲಿಯ ವಿದ್ಯುತ್ತಿಗೆಂದೇ ಮಾಡಿದ್ದನ್ನು ಕೊಂಡರೂ ಇನ್ನೊಂದು ಲೆಕ್ಕವಿದೆ: 230 ವೋಲ್ಟನ್ನು 6 ಆಂಪಿಯರಿನಿಂದ ಗುಣಿಸಿದರೆ 1,380 ವ್ಯಾಟ್, ಅಂದರೆ ಮಿಕ್ಸಿ ಹಾಕುವ 6 ಆಂಪಿಯರ್ ಸಾಕೆಟ್ಟಿಗೆ ಈ ಯಂತ್ರ ಹೆಚ್ಚೇ. 16 ಆಂಪಿಯರ್ ಪಾಯಿಂಟ್ ಬೇಕು, ನಿನ್ನ ಅಡುಗೆಮನೆಯಲ್ಲಿ ಇರುವ ಒಂದನ್ನು ಫ್ರಿಜ್ ಹಿಡಿದುಕೊಂಡಿದೆ. ಮಳೆಗಾಲದಲ್ಲಿ ಕರೆಂಟು ಹೋದಾಗ ನಿಮ್ಮ ಮನೆಯ ಇನ್ವರ್ಟರ್ ಅದನ್ನು ಎಳೆಯುವುದೂ ಇಲ್ಲ.

ಹಾಗಾದರೆ ಅಗ್ಗದ್ದೇ ಸರಿ ಎಂದು ನಾನು ಹೇಳುತ್ತಿಲ್ಲ. ಎರಡು ವರ್ಷದ ಹಿಂದೆ ನಾನೂ ಅಂಥದೊಂದು ಚಿಕ್ಕ ಬ್ಲೆಂಡರ್ ತರಿಸಿದ್ದೆ. ತೋಟದ ಏಲಕ್ಕಿ ಬಾಳೆಹಣ್ಣನ್ನು ಫ್ರೀಜರಿನಲ್ಲಿ ಕಲ್ಲಿನಂತೆ ಗಟ್ಟಿ ಮಾಡಿ ದಿನವೂ ಹಾಕುತ್ತಿದ್ದೆ. ನಾಲ್ಕು ತಿಂಗಳಿಗೆ ಮೋಟಾರನ್ನೂ ಬ್ಲೇಡನ್ನೂ ಜೋಡಿಸುವ ಕಪ್ಲರ್ ಎಂಬ ಬಿಲ್ಲೆಯ ಹಲ್ಲುಗಳು ಸವೆದು, ಮೋಟಾರು ತಿರುಗಿದರೂ ಬ್ಲೇಡು ನಿಂತಲ್ಲೇ ನಿಲ್ಲತೊಡಗಿತು. ಚಿಕ್ಕಮಗಳೂರಿನ ಎಂ.ಜಿ. ರಸ್ತೆಯಲ್ಲಿ ಅಂಗಡಿ ಅಂಗಡಿ ತಿರುಗಿದರೂ ಆ ಅಳತೆಯ ಕಪ್ಲರ್ ಸಿಗಲಿಲ್ಲ. ಅಂಗೈಯಷ್ಟೂ ಇಲ್ಲದ ಒಂದು ಪ್ಲಾಸ್ಟಿಕ್ ಬಿಲ್ಲೆಗಾಗಿ, ಚೆನ್ನಾಗಿದ್ದ ಮೋಟಾರನ್ನು ಮೂಲೆಗೆ ಹಾಕಬೇಕಾಯಿತಲ್ಲ ಎಂದು ನನಗೆ ಇಂದಿಗೂ ಸಂಕಟವಾಗುತ್ತದೆ. ಆದ್ದರಿಂದ ನೀನು ಯಾವುದನ್ನೇ ಕೊಂಡರೂ, ಕೊಳ್ಳುವ ಮೊದಲು ಹಾಸನದ ಅಂಗಡಿಯವನನ್ನು ಬೆಲೆಯ ಬಗ್ಗೆ ಕೇಳುವುದಕ್ಕಿಂತ ಮುಂಚೆ ಇದರ ಕಪ್ಲರ್, ಮುಚ್ಚಳದ ರಬ್ಬರು ಮತ್ತು ಮೋಟಾರಿನೊಳಗೆ ಸವೆಯುವ ಕಾರ್ಬನ್ ಬ್ರಷ್ಷು ನಿನ್ನ ಬಳಿ ಈಗ ಇವೆಯೇ ಎಂದು ಕೇಳು. ಇದ್ದರೆ ತೋರಿಸಲಿ.

ಸ್ಮೂದಿ ನುಣ್ಣಗಾಗುವುದು ವ್ಯಾಟಿನಿಂದ ಮಾತ್ರವಲ್ಲ. ಬ್ಲೇಡು ತಿರುಗುವಾಗ ಹಣ್ಣು ಜಾರಿನ ಗೋಡೆಗೆ ಎಸೆಯಲ್ಪಟ್ಟು ಮತ್ತೆ ಸುಳಿಯಾಗಿ ಕೆಳಕ್ಕೆ ಬ್ಲೇಡಿನ ಬಾಯಿಗೇ ಬೀಳಬೇಕು. ದುಬಾರಿ ಯಂತ್ರದ ಎತ್ತರದ ಜಾರು ಮಾಡುವ ಮುಖ್ಯ ಕೆಲಸವೇ ಅದು. ನಮ್ಮ ಮಿಕ್ಸಿಯ ಚಟ್ನಿ ಜಾರಿನಲ್ಲಿ ಆ ಸುಳಿ ಏಳುವುದಿಲ್ಲ, ಆದರೆ ಎತ್ತರದ ಜ್ಯೂಸ್ ಜಾರಿನಲ್ಲಿ ತಕ್ಕಮಟ್ಟಿಗೆ ಏಳುತ್ತದೆ. ನಿನ್ನ ಬಳಿ 750 ವ್ಯಾಟಿನ ಮಿಕ್ಸಿ ಇದೆ. ಅದರ ಜ್ಯೂಸ್ ಜಾರನ್ನು ಅಟ್ಟದಿಂದ ಇಳಿಸಿ ಹದಿನೈದು ದಿನ ಅದರಲ್ಲೇ ಮಾಡಿನೋಡು. ಮೊದಲು ಹಾಲನ್ನೋ ಮಜ್ಜಿಗೆಯನ್ನೋ ಹಾಕು, ಆಮೇಲೆ ರಾತ್ರಿ ನೆನೆಸಿ ಸಿಪ್ಪೆ ತೆಗೆದ ಬಾದಾಮಿ, ಬೇಯಿಸಿ ಆರಿಸಿದ ಬೀಟ್‌ರೂಟು, ಕೊನೆಗೆ ಹಣ್ಣು. ಬಾದಾಮಿಯನ್ನೂ ಹಾಲನ್ನೂ ಮಾತ್ರ ಮೊದಲು ನುಣ್ಣಗೆ ತಿರುಗಿಸಿಕೊಂಡು, ಆಮೇಲೆ ಹಣ್ಣು ಸೇರಿಸಿದರೆ ತರಿ ಉಳಿಯುವುದು ಬಹಳ ಕಡಿಮೆ. ಹೊಸ ಹಲ್ಲಿನ ಸೆಟ್ಟಿನ ಕೆಳಗೆ ಒಂದು ಬೀಜ ಸಿಕ್ಕಿಕೊಂಡರೂ ಮಾವನವರಿಗೆ ನೋವಾಗುತ್ತದೆ, ಆದ್ದರಿಂದ ಸೀಬೆಹಣ್ಣು ಹಾಕಿದ ದಿನ ಯಾವ ಯಂತ್ರದಲ್ಲಿ ಮಾಡಿದರೂ ಜರಡಿ ಹಿಡಿಯಲೇಬೇಕು. ಅವರಿಗೆ ರಾಗಿ ಅಂಬಲಿ ಸೇರಿಸುವ ಅಭ್ಯಾಸವಿದೆಯೆಂದು ಗೊತ್ತು. ಅದನ್ನು ಪೂರ್ತಿ ತಣಿಸಿಯೇ ಹಾಕು. ಬಿಸಿಯಾದದ್ದನ್ನು ಬಿಗಿಯಾಗಿ ಮುಚ್ಚುವ ಚಿಕ್ಕ ಬ್ಲೆಂಡರಿನ ಕಪ್ಪಿಗೆ ಹಾಕಿದರೆ ಒಳಗೆ ಹಬೆಯ ಒತ್ತಡ ಏರಿ ಮುಚ್ಚಳ ಸಿಡಿದು ಕೈ ಸುಡಬಹುದು.

ದುಬಾರಿ ಬ್ಲೆಂಡರ್ ಯಾರಿಗೆ ತಕ್ಕದ್ದು ಎಂದರೆ, ದಿನವೂ ಗಟ್ಟಿಯಾಗಿ ಹೆಪ್ಪುಗಟ್ಟಿದ ಹಣ್ಣು, ನೆನೆಸದ ಬೀಜಗಳು, ನಾರಿನ ಸೊಪ್ಪುಗಳನ್ನು ನಾಲ್ಕೈದು ಜನರಿಗೆ ಅರೆಯುವವರಿಗೆ; ಅಂಥವರಿಗೆ ಆ ಹಣ ಖಂಡಿತ ಸಾರ್ಥಕ. ಮೂಡಿಗೆರೆಯಲ್ಲಿ ಹೋಂಸ್ಟೇ ನಡೆಸುವ ನಮ್ಮ ಭಾವನವರೂ ಈ ಗುಂಪಿನಲ್ಲಿ ಕೇಳಿಸಿಕೊಳ್ಳುತ್ತಿರುವುದರಿಂದ ಒಂದು ಮಾತು: ಅತಿಥಿಗಳಿಗೆಂದು ಕೊಳ್ಳುವುದಾದರೆ ಮನೆಬಳಕೆಯ ಮಾದರಿ ಬೇಡ ಭಾವ, ವ್ಯಾಪಾರಕ್ಕೆ ಬಳಸಿದರೆ ಸಾಮಾನ್ಯವಾಗಿ ಅದರ ವಾರಂಟಿ ನಡೆಯುವುದಿಲ್ಲ.

ಪುಟ್ಟಿ, ನಿನ್ನಲ್ಲಿ ದಿನಕ್ಕೆ ಬೇಕಾಗುವುದು ಎರಡು ಲೋಟ. ಹದಿನೈದು ದಿನದ ಮೇಲೂ ಮಾವನವರಿಗೆ ತರಿ ಸಿಗುತ್ತಿದ್ದರೆ, ಬಿಡಿಭಾಗ ಹಾಸನದಲ್ಲೇ ಸಿಗುವ, ಸಾವಿರ ವ್ಯಾಟಿನ ಆಸುಪಾಸಿನ, ಎತ್ತರದ ಜಾರಿನ ಬ್ಲೆಂಡರ್ ಕೊಂಡುಕೋ. ಬೆಲೆ ಎರಡೂವರೆ ಸಾವಿರ ದಾಟಿದರೂ ಹಿಂಜರಿಯಬೇಡ, ಕಡಿಮೆ ಬಿದ್ದರೆ ನಾನು ಹಾಕುತ್ತೇನೆ. ಮೈದುನನಿಗೆ ತರಬೇಡವೆಂದು ಇವತ್ತೇ ತಿಳಿಸು, ಅವನು ದುಡ್ಡು ಕಟ್ಟಿಬಿಟ್ಟಾನು. ಭಾನುವಾರ ನಾನು ಹಾಸನಕ್ಕೆ ಬರುವಾಗ ತೋಟದ ಬೆಣ್ಣೆಹಣ್ಣು ತರುತ್ತೇನೆ, ಜ್ಯೂಸ್ ಜಾರನ್ನು ತೊಳೆದು ಇಟ್ಟಿರು.