ಮೇಣದ ಸಿಲಿಂಡರ್‌ಗಳು ಸಿಕ್ಕಿವೆ, ಒಮ್ಮೆ ಹಾಕಿ ಕೇಳಬಹುದೇ?

ಪ್ರಶ್ನೆ, ನ್ಯೂಜೆರ್ಸಿಯಿಂದ:
ಎಲ್ಲರಿಗೂ ನಮಸ್ಕಾರ. ನಮ್ಮ ಬೀದಿಯ ಹಳೇ ಮನೆಯೊಂದರ ಸಾಮಾನು ಮಾರಾಟದಲ್ಲಿ ಎಡಿಸನ್ ಫೋನೋಗ್ರಾಫ್ (ಹಳೇ ಕಾಲದ ಹಾಡಿನ ಯಂತ್ರ) ಒಂದು ಸಿಕ್ಕಿತು, ಜೊತೆಗೆ ಅದಕ್ಕೆ ಹಾಕುವ 11 ಸಿಲಿಂಡರ್, ಅಂದರೆ ಹೊರಮೈಯಲ್ಲಿ ದನಿಯ ಗೆರೆಗಳಿರುವ ಟೊಳ್ಳು ಕೊಳವೆಗಳು. ಎಂಟು ನೀಲಿ, ಎರಡು ಕಪ್ಪು, ಒಂದು ಕಂದು. ಕೀಲಿ ಕೊಟ್ಟರೆ ಯಂತ್ರ ತಿರುಗುತ್ತದೆ. ಅಪರೂಪದವನ್ನು ಕೂಡಿಡುವ ಆಸೆ ಹುಟ್ಟಿದೆ. ಎಲ್ಲವನ್ನೂ ಒಮ್ಮೆ ಹಾಕಿ ಕೇಳಲೇ? ಅನುಭವ ಇದ್ದವರು ಹೇಳಿ.

ಓಹಾಯೋದಿಂದ:
ಮೇಡಂ, ಆ ಕಂದು ಬಣ್ಣದ್ದನ್ನು ದಯವಿಟ್ಟು ಯಂತ್ರಕ್ಕೆ ಏರಿಸಬೇಡಿ. ಉಳಿದದ್ದು ಆಮೇಲೆ.

ಕಂದು ಮೇಣ ಬಹಳ ಮೆದು. ಇಂಥವು ಹೆಚ್ಚಾಗಿ 1902ಕ್ಕೆ ಮುಂಚಿನವು, ಆಗ ಎಡಿಸನ್ ಕಂಪನಿಗೆ ಅಚ್ಚು ಹಾಕಿ ಸಿಲಿಂಡರ್ ತಯಾರಿಸಿ ಮಾರುವ ಕ್ರಮ ಇರಲಿಲ್ಲ. ಹಾಡುಗಾರ ಸಾಲಾಗಿ ಇಟ್ಟ ಯಂತ್ರಗಳ ಮುಂದೆ ನಿಂತು ಅದೇ ಹಾಡನ್ನು ಮತ್ತೆ ಮತ್ತೆ ಹಾಡಬೇಕಿತ್ತು. ಗುಲಾಮನಾಗಿ ಹುಟ್ಟಿದ್ದ ಜಾರ್ಜ್ ಡಬ್ಲ್ಯು. ಜಾನ್ಸನ್ ಒಂದೇ ನಗೆಹಾಡನ್ನು ಸಾವಿರಾರು ಸಲ ಹಾಡಿದ್ದಾನೆ. ಪ್ರತಿ ಸಲ ಹಾಡಿದ್ದೂ ಬೇರೆಯೇ, ಹಾಗಾಗಿ ನಿಮ್ಮ ಕೈಲಿರುವುದರ ಜೋಡಿ ಇನ್ನೆಲ್ಲೂ ಇಲ್ಲದಿರಬಹುದು. ಅದಲ್ಲದೆ ಜನ ಮನೆಯಲ್ಲೇ ಖಾಲಿ ಮೇಣದ ಮೇಲೆ ತಮ್ಮ ದನಿ ಹಿಡಿದಿಡುತ್ತಿದ್ದರು. ನನ್ನ ಮಟ್ಟಿಗೆ ಇಂಥವೇ ಎಲ್ಲಕ್ಕಿಂತ ಅಪರೂಪ, ಆದರೆ ಹೆಸರು ಬರೆದಿಲ್ಲ ಎಂದು ಜನ ಬದಿಗೆ ಸರಿಸುತ್ತಾರೆ.

ಕಪ್ಪು ಎರಡನ್ನೂ ಭೂತಗನ್ನಡಿಯಲ್ಲಿ ನೋಡಿ. ಎರಡು ನಿಮಿಷ ಹಾಡುವುದರಲ್ಲಿ ಇಂಚಿಗೆ 100 ಗೆರೆ. 1908ರಲ್ಲಿ ಬಂದ ಆಂಬೆರಾಲ್ ಎಂಬ ನಾಲ್ಕು ನಿಮಿಷದ ಸಿಲಿಂಡರ್‌ನಲ್ಲಿ 200. ಮುಳ್ಳು ಕೂತಿರುವ ಗುಂಡು ಭಾಗಕ್ಕೆ ರಿಪ್ರೊಡ್ಯೂಸರ್ ಅನ್ನುತ್ತಾರೆ, ಅದರ ಮೇಲೆ ಅಕ್ಷರ ಕೊರೆದಿರುತ್ತದೆ. ‘ಸಿ’ ಎರಡು ನಿಮಿಷದ್ದಕ್ಕೆ, ‘ಎಚ್’ ನಾಲ್ಕು ನಿಮಿಷದ್ದಕ್ಕೆ, ‘ಕೆ’ ತಿರುಗಿಸಿದರೆ ಎರಡಕ್ಕೂ. ವಜ್ರದ ಮುಳ್ಳಿನದು ನೀಲಿಗೆ ಮಾತ್ರ. ಅದನ್ನು ಮೇಣದ ಮೇಲೆ ಇಟ್ಟರೆ ಹಾಡನ್ನೇ ಕೆತ್ತಿ ಹಾಕುತ್ತದೆ. ಶುರುವಿನಲ್ಲಿ ಇದು ತಿಳಿಯದೆ ನಾನೇ ಒಂದನ್ನು ಕಳೆದುಕೊಂಡೆ. ಯಂತ್ರದ ಕೆಳಗೆ ಉದುರಿದ ಕಪ್ಪು ಪುಡಿ ಕಂಡಾಗ ಆದ ಸಂಕಟ ಇಂದಿಗೂ ಹೋಗಿಲ್ಲ.

ಹಿಡಿಯುವಾಗ ಎರಡು ಬೆರಳು ಒಳಗೆ ತೂರಿಸಿ, ಅಗಲಿಸಿ ಎತ್ತಿ. ಹೊರಮೈ ಮುಟ್ಟಬೇಡಿ. ಚಳಿಗಾಲದಲ್ಲಿ ತಣ್ಣಗಿರುವ ಮೇಣ ಕೈಯ ಬಿಸಿಗೇ ಸೀಳಬಹುದು.

ಕ್ಯಾಲಿಫೋರ್ನಿಯಾದಿಂದ:
ನೀಲಿಯವುಗಳ ಬಗ್ಗೆ ಒಂದು ಮಾತು. 1912ರಿಂದ ಬಂದ ಇವುಗಳ ಹೊರಮೈ ಸೆಲ್ಯುಲಾಯ್ಡ್, ಒಳಗೆ ಪ್ಲಾಸ್ಟರ್. ತೇವ ಹೀರಿ ಪ್ಲಾಸ್ಟರ್ ಉಬ್ಬಿದ್ದರೆ ಯಂತ್ರದ ಉರುಳೆಗೆ ಬಿಗಿಯಾಗುತ್ತದೆ. ಒತ್ತಿ ತೂರಿಸಿದರೆ ಬಿರುಕೇ. ಇವು ಇಲ್ಲಿ ಅಪರೂಪವಲ್ಲ. ಕೈ ಪಳಗಿಸಿಕೊಳ್ಳಲು ಇವೇ ಒಳ್ಳೆಯವು.

ಹಾಕುವ ಮುಂಚೆ ಸಾಂಟಾ ಬಾರ್ಬರಾ ವಿಶ್ವವಿದ್ಯಾಲಯದ ಸಿಲಿಂಡರ್ ಸಂಗ್ರಹದಲ್ಲಿ ಹುಡುಕಿ. 10,000ಕ್ಕೂ ಹೆಚ್ಚು ಸಿಲಿಂಡರ್‌ಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಕೇಳಬಹುದು. ಅಂಚಿನ ಮೇಲಿನ ಸಂಖ್ಯೆ ಸಾಕು. ನಿಮ್ಮದು ಅಲ್ಲಿ ಇದ್ದರೆ ಅದನ್ನೇ ಕೇಳಿ, ಇಲ್ಲದಿದ್ದರೆ ಅವರಿಗೊಂದು ಪತ್ರ ಬರೆಯಿರಿ. ಬರ್ಕ್ಲಿಯ ಪ್ರಯೋಗಾಲಯದಲ್ಲಿ ಕಾರ್ಲ್ ಹೇಬರ್ ಎಂಬ ಭೌತವಿಜ್ಞಾನಿ ಮುಳ್ಳು ತಾಗಿಸದೆ, ಗೆರೆಗಳ ಚಿತ್ರ ತೆಗೆದು ದನಿ ಹೊರಡಿಸುವ ವಿಧಾನ ಕಂಡುಹಿಡಿದಿದ್ದಾರೆ. ಒಡೆದ ಮೇಣಕ್ಕೂ ಅದು ಆಸರೆ.

ಬಿಳಿ ಚುಕ್ಕೆ ಕಂಡರೆ ಬೂಷ್ಟು. ಅದು ಮೇಣವನ್ನೇ ತಿನ್ನುತ್ತದೆ, ತಿಂದ ಜಾಗ ಮರಳಿ ಬರದು. ಅಂಥದ್ದನ್ನು ಬೇರೆಯವುಗಳಿಂದ ದೂರ, ಒಣ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿಡಿ. ಸ್ಪಿರಿಟ್ ಹಚ್ಚಲು ಹೋಗಬೇಡಿ.

ಧಾರವಾಡದಿಂದ:
ಅಕ್ಕಾರ, ನಾ ಗ್ರಾಮಫೋನಿನ ಚಪ್ಪಟೆ ಪ್ಲೇಟು ಕೂಡಿಸಾಂವ, ಸಿಲಿಂಡರ್ ಅಲ್ಲ. ಆದ್ರೂ ಒಂದು ಮಾತು ಹೇಳ್ತೀನ್ರಿ. ‘ಇದು ಗೌಹರ್ ಜಾನ್ ಹಾಡಿದ ಸಿಲಿಂಡರ್’ ಅಂತ ಯಾರರೆ ಮಾರಾಕ ಬಂದ್ರ ಅವಸರ ಮಾಡಬ್ಯಾಡ್ರಿ. ಆಕಿ 1902ರಾಗ ಕಲಕತ್ತಾದಾಗ ಗ್ರಾಮಫೋನ್ ಕಂಪನಿಗೆ ಹಾಡಿದ್ದು ಪ್ಲೇಟಿಗೆ. ನಮ್ಮ ದೇಶದಾಗ ಸಿಲಿಂಡರ್ ಮಾಡಿ ಮಾರಿದವರು ಅಂದ್ರ ಕಲಕತ್ತಾದ ಹೇಮೇಂದ್ರಮೋಹನ ಬೋಸ್. ರವೀಂದ್ರನಾಥ ಠಾಕೂರರ ದನಿನೂ ಅವರು ಮೇಣದ ಮ್ಯಾಲೆ ಹಿಡಿದಿದ್ರು. ನಮ್ಮ ಉಷ್ಣ, ನಮ್ಮ ಮಳಿ, ಮೇಣ ಎಷ್ಟಂತ ತಡಕೊಂಡೀತು ಹೇಳ್ರಿ. ಮತ್ತ ಊರಿಗೆ ಬರೋವಾಗ ಅವನ್ನ ಚೀಲದಾಗ ಹಾಕ್ಕೊಂಡು ಬರಬ್ಯಾಡ್ರಿ, ಅಲ್ಲೇ ಇರಲಿ.

ಪ್ರಶ್ನೆ ಕೇಳಿದವರು, ಎರಡು ದಿನದ ನಂತರ:
ಎಲ್ಲರಿಗೂ ತುಂಬಾ ಧನ್ಯವಾದ. ರಿಪ್ರೊಡ್ಯೂಸರ್ ಮೇಲೆ ‘ಸಿ’ ಎಂದಿದೆ. ಕಪ್ಪು ಎರಡರಲ್ಲಿ ಒಂದರ ಗೆರೆ ಕೂದಲಿಗಿಂತ ಸಣ್ಣ, ಅದು ನಾಲ್ಕು ನಿಮಿಷದ್ದೇ ಇರಬೇಕು, ಎತ್ತಿಟ್ಟೆ. ಇನ್ನೊಂದನ್ನು ಕೇಳಿದೆವು, ಬ್ಯಾಂಡ್ ವಾದ್ಯ. ಕಂದು ಸಿಲಿಂಡರಿನ ಡಬ್ಬಿಯೊಳಗೆ ಒಂದು ಚೀಟಿ ಇತ್ತು. ಪೆನ್ಸಿಲ್‌ನಲ್ಲಿ ‘ತಾಯಿ’ ಎಂದಷ್ಟೇ ಇಂಗ್ಲಿಷಿನಲ್ಲಿ ಬರೆದಿದೆ. ಅದನ್ನು ನಾವು ಹಾಕಿ ಕೇಳಿಲ್ಲ. ವಿಶ್ವವಿದ್ಯಾಲಯಕ್ಕೆ ಬರೆದಿದ್ದೇನೆ, ಮನೆ ಮಾರಿದವರ ಮಕ್ಕಳನ್ನೂ ಹುಡುಕುತ್ತಿದ್ದೇನೆ.