ಹುಬ್ಬಳ್ಳಿ-ಧಾರವಾಡ ದಿನದ ಓಡಾಟ: ಫಿಕ್ಸಿ ಬೇಗನಾ, ಗೇರ್ ಸೈಕಲ್ ಬೇಗನಾ?

ಉಣಕಲ್ ಸವಾರ: ದಿನಾ ವಿದ್ಯಾನಗರದಿಂದ ಧಾರವಾಡಕ್ಕೆ ಸೈಕಲ್ ಮೇಲೇ ಹೋಗುತ್ತೇನೆ. ಗೇರ್ ಸೈಕಲ್‌ನ ಹಿಂದಿನ ಡಿರೇಲರ್ (ಚೈನನ್ನು ಒಂದು ಗೇರಿನಿಂದ ಇನ್ನೊಂದಕ್ಕೆ ಸರಿಸುವ ಭಾಗ) ಮತ್ತೆ ಬಾಗಿದೆ, ಚೈನು ಕಟಕಟ ಅನ್ನುತ್ತಿದೆ. ಮೊನ್ನೆ ಗೆಳೆಯನ ಫಿಕ್ಸಿ (ಒಂದೇ ಗೇರಿನ, ಗಾಲಿ ಜೊತೆಗೇ ಪೆಡಲ್ ತಿರುಗುವ ಸೈಕಲ್) ಓಡಿಸಿದೆ, ಹಗುರ ಅಂದ್ರೆ ಹಗುರ. ಅದೇ ಬೇಗ ಅಲ್ವಾ?

ಚೈನು-ಎಣ್ಣೆ: ಸಪಾಟು ರಸ್ತೆಯಲ್ಲಿ ಅಷ್ಟೇನೂ ವ್ಯತ್ಯಾಸ ಇಲ್ಲ. ಚೈನು ಕೂರುವ ಹಲ್ಲುಚಕ್ರಗಳಲ್ಲಿ ಮುಂದಿನದಕ್ಕೆ 46, ಹಿಂದಿನದಕ್ಕೆ 16 ಹಲ್ಲು ಇದ್ದರೆ, ನಿಮಿಷಕ್ಕೆ 80 ಸಲ ಪೆಡಲ್ ತಿರುಗಿಸಿದಾಗ ಗಂಟೆಗೆ ಸುಮಾರು 29 ಕಿ.ಮೀ. ಬರುತ್ತದೆ, ಆಫೀಸಿಗೆ ಅಷ್ಟು ಸಾಕಪ್ಪಾ. ಆದರೆ ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ, ಮಳೆಗಾಲದಲ್ಲಿ ಎದುರುಗಾಳಿ ಬೇರೆ. ಅಲ್ಲಿ ಗೇರ್ ಸೈಕಲ್‌ನಲ್ಲಿ ಚೈನನ್ನು ಹಿಂದಿನ ದೊಡ್ಡ ಹಲ್ಲುಚಕ್ರಕ್ಕೆ ಹಾಕಿಕೊಂಡವನು ಆರಾಮಾಗಿ ಮುಂದೆ ಹೋಗುತ್ತಾನೆ, ಫಿಕ್ಸಿಯವನು ನಿಂತು ತುಳಿಯಬೇಕು.

ನವನಗರದ ಹಳಬ: ಎರಡು ವರ್ಷ ಫಿಕ್ಸಿ ಓಡಿಸಿದ್ದೇನೆ. ಇಳಿಜಾರೇ ಕಷ್ಟ. ಗಾಲಿ ತಿರುಗಿದಷ್ಟೂ ಪೆಡಲ್ ತಿರುಗುತ್ತದೆ, ಕಾಲು ಬಿಟ್ಟು ಕೂರಲು ಆಗಲ್ಲ. ಒಮ್ಮೆ ಪ್ಯಾಂಟಿನ ತುದಿ ಚೈನಿಗೆ ಸಿಕ್ಕಿ ರಸ್ತೆ ಬದಿಯ ಮಣ್ಣಿಗೆ ಬಿದ್ದೆ, ಚಹಾದಂಗಡಿಯವರೆಲ್ಲ ನೋಡಿದರು! ತಗೊಂಡರೆ ಮುಂದಿನ ಬ್ರೇಕ್ ಮಾತ್ರ ಬಿಡಬೇಡಿ.

ಚೈನು-ಎಣ್ಣೆ: ಅಂದಹಾಗೆ, ಬಾಗಿದ್ದು ಬರೀ ಹ್ಯಾಂಗರ್ (ಡಿರೇಲರ್ ಅನ್ನು ಫ್ರೇಮಿಗೆ ಹಿಡಿದಿಡುವ ಸಣ್ಣ ತುಂಡು) ಇರಬಹುದು. ಅದೊಂದನ್ನೇ ಬದಲಿಸಬಹುದು, ಸುಮ್ನೆ ಹೊಸ ಸೈಕಲ್ ಯಾಕೆ?

ಉಣಕಲ್ ಸವಾರ: ಸರಿ, ಭಾನುವಾರ ಬಿಚ್ಚಿ ನೋಡುತ್ತೇನೆ.